ಬೆನ್ನಲ್ಲಿ ಮೂವತ್ತೆರಡು ತೂತು

ಆ ಮೇ ತಿಂಗಳ ಸೆಕೆಗೆ ವಿಲೆ ಪಾರ್ಲೆಯ ಸೊಳ್ಳೆಗಳೇ ರಜೆ ಹಾಕಿ ಊರಿಗೆ ಹೋಗಿದ್ದವು. ಹೋಗಲಾರದೆ ಉಳಿದವರು ಇಬ್ಬರೇ: ಮೂರನೇ ಮಹಡಿಯ ವಾರಿಜಕ್ಕ ಮತ್ತು ಎದುರು ಮನೆಯ ಸದಾನಂದ. ಸದಾನಂದ ಅಂಚೆ ಇಲಾಖೆಯಿಂದ ನಿವೃತ್ತನಾಗಿ ಒಂಬತ್ತು ವರ್ಷವಾಗಿತ್ತು. ಅವನ ಆಯಾಸ ಮಾತ್ರ ಇನ್ನೂ ನಿವೃತ್ತಿ ಪಡೆದಿರಲಿಲ್ಲ. ವಾರಿಜಕ್ಕ ಪರೇಲಿನ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ನೇಯ್ಗೆಯ ದೋಷ ಹುಡುಕಿದವರು. ಅವರು ನೋಡಿದ ಬಟ್ಟೆ ಭೂಮಿಗೆ ಎರಡು ಸುತ್ತು ಉಡಿಸಿ, ಚಂದ್ರನಿಗೊಂದು ಲಂಗೋಟಿಗೂ ಮಿಗುತ್ತಿತ್ತು. ಗಿರಣಿ ಮುಚ್ಚಿದ ಮೇಲೆ ಮನುಷ್ಯರ ದೋಷ ಹುಡುಕತೊಡಗಿದರು. ಅಂದಿನಿಂದ ಮುಂಬಯಿ ಪೊಲೀಸರು ನೊಣ ಹೊಡೆಯುತ್ತಿದ್ದಾರೆಂದು ಸದಾನಂದ ಹಾಲಿನವನಿಗೂ ಹೇಳುತ್ತಿದ್ದ.

ಹನ್ನೊಂದು ಗಂಟೆಗೆ ವಾರಿಜಕ್ಕನ ಬಾಗಿಲು ತಟ್ಟಿದವನು ಯಲ್ಲಾಲಿಂಗ, ಮಾಟುಂಗದ ಚೆನ್ನಯನವರ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದ.

"ಅಕ್ಕಾರ, ಸಂಜಿ ನಾಕರೊಳಗ ತಪ್ಪು ಒಪ್ಕೋಬೇಕಂತ. ಇಲ್ಲಂದ್ರ ಕೆಲಸಾನೂ ಹೋತು, ಮಲಗಾಕ ಕೊಟ್ಟ ಖೋಲಿನೂ ಹೋತು. ಹದಿನಾಕು ವರ್ಷ ದುಡದೇನ್ರೀ. ನಾ ಏನೂ ಮಾಡಿಲ್ಲ."

ಅವನ ಚೀಲದಿಂದ ಕಡುಗೆಂಪು ಬಣ್ಣದ ನೈಲಾನ್ ಅಂಗಿಯೊಂದು ಹೊರಬಂತು. ಚೆನ್ನಯನವರ ಮಗ ಹಿತೇಶ್ ಮೂರು ವಾರದ ಹಿಂದೆ ಕೆಲಸದವರಿಗೆಲ್ಲ ಹೊಲಿಸಿದ್ದ ಯೂನಿಫಾರ್ಮ್ ಅದು. ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡವೆಂದು ಅವನ ಹಿಗ್ಗು. ಆ ಬೆಳಿಗ್ಗೆ ಕೆಲಸದವರ ಒಂಬತ್ತೂ ಅಂಗಿಗಳಲ್ಲಿ ತೂತು ಬಿದ್ದಿದ್ದವು.

"ನಿನ್ನ ಮೇಲೇ ಯಾಕೆ ಅನುಮಾನ?" ಎಂದು ಕೇಳಿದರು ವಾರಿಜಕ್ಕ.

"ಹೋದ ವಾರ ಕಾವಲಿ ಮುಂದ ತಲಿ ತಿರುಗಿ ಬಿದ್ದೆ. ಎದ್ದು, 'ಇದು ಅಂಗಿ ಅಲ್ರೀ ಸಣ್ಣ ಧಣ್ಯಾರ, ಕುಕ್ಕರ್. ಸೀಟಿ ಒಂದು ಹೊಡಿಯೂದಿಲ್ಲ' ಅಂದೆ. ಮಂದಿ ನಕ್ಕರು, ಅವರಿಗೆ ಸಿಟ್ಟು ಬಂತು. ಇವತ್ತ ಐದಕ್ಕ ಒಲಿ ಹಚ್ಚಾಕ ಒಳಗ ಹೋದಾಂವನೂ ನಾನ. ದೊಡ್ಡ ಧಣ್ಯಾರು ಪೂಜಾ ಮಾಡಾಕ ಬಂದಿದ್ರು, ಐತ ಹಾಲಿನ ಕ್ಯಾನ್ ಇಳಸ್ತಿದ್ದ. ಮತ್ತ್ಯಾರೂ ಇದ್ದಿಲ್ಲ."

ವಾರಿಜಕ್ಕ ತೂತಿನ ಅಂಚು ಸವರಿದರು. ಅಂಚು ಕರಗಿ, ಸಾಸಿವೆಯಂತೆ ಗಟ್ಟಿಯಾಗಿತ್ತು. ಅಂಗಿಯನ್ನು ಎದುರು ಕೂತಿದ್ದ ಸದಾನಂದನ ಮೂಗಿಗೆ ಹಿಡಿದರು.

"ಗಂಧದ ವಾಸನೆ!" ಎಂದ ಸದಾನಂದ. "ಇವನು ಸೆಂಟು ಹಾಕಿದ್ದಾನೆ. ಪ್ರಕರಣ ಮುಗಿಯಿತು."

"ನಿಮ್ಮ ಪ್ರಕರಣ ಮುಗಿಯಿತು. ಚಪ್ಪಲಿ ಹಾಕಿ," ಎಂದರು ವಾರಿಜಕ್ಕ ಸುಸ್ತಾಗಿ.

ಲೋಕಲ್‌ ರೈಲಿನಲ್ಲಿ ಸದಾನಂದನ ಮೇಲೆ ನಾಲ್ಕು ಸಾವಿರ ಜನ ಒರಗಿದರು. ಮಾಟುಂಗ ರೋಡಿನಲ್ಲಿ ಇಳಿದು ಹತ್ತಿದ ಸೇತುವೆ ಹಿಮಾಲಯಕ್ಕಿಂತ ಎರಡೇ ಮೆಟ್ಟಿಲು ಕಡಿಮೆ.

ಹೋಟೆಲಿನಲ್ಲಿ ವಾರಿಜಕ್ಕ ಅಂಗಿಗಳನ್ನು ಮೇಜಿನ ಮೇಲೆ ಹರಡಿ ಎಣಿಸಿದರು. ಯಲ್ಲಾಲಿಂಗನದಕ್ಕೆ ಬೆನ್ನಲ್ಲಿ ಮೂವತ್ತೆರಡು ತೂತು. ತಟ್ಟೆ ಹೊತ್ತು ಓಡಾಡುವ ಐತನದಕ್ಕೆ ಕಂಕುಳಲ್ಲಿ. ಪಾತ್ರೆ ತೊಳೆಯುವ ಮಲ್ಲಕ್ಕನದಕ್ಕೆ ಬಗ್ಗಿದಾಗ ಬೆವರು ನಿಲ್ಲುವ ಸೊಂಟದ ಹಿಂದೆ. ಯಾವುದರ ಎದೆಭಾಗದಲ್ಲೂ ಒಂದು ತೂತಿಲ್ಲ.

"ಆಂಟಿ, ಸಿಂಪಲ್ ಹೈ ನಾ," ಎಂದ ಗಲ್ಲಾದ ಏಸಿಯ ಕೆಳಗಿದ್ದ ಹಿತೇಶ್. ಅವನೂ ಅದೇ ಅಂಗಿ ತೊಟ್ಟಿದ್ದ, ತೂತಿಲ್ಲದ್ದು. "ಕಂಪ್ಲೇಂಟ್ ಇವನ್ದೇ, ಬೆಂಕಿ ಇವನ್ಹತ್ರಾನೇ. ಬಸ್."

ವಾರಿಜಕ್ಕ ದೇವರ ಗೂಡಿನತ್ತ ನೋಡಿದರು. ಅಂಗಿ ಒಣಗಿಸುವ ಹಗ್ಗ ಅದರ ಪಕ್ಕದಲ್ಲೇ ಇತ್ತು. "ಇಲ್ಲಿ ಊದುಬತ್ತಿ ಹಚ್ಚುವವರು ಯಾರು ಐತ?"

"ದೊಡ್ಡ ಧಣಿಗಳೇ ಅಕ್ಕ. ನಾವು ಪ್ಯಾಕೆಟ್ ಮುಟ್ಟಿದ್ರೂ ಬೈತಾರೆ."

ಮೂರೂವರೆಗೆ, ಗಿರಾಕಿಗಳಿಲ್ಲದ ಹೊತ್ತು, ಎಲ್ಲರೂ ಸೇರಿದರು. ಪಾತ್ರೆ ತೊಳೆದು, ತಟ್ಟೆ ಹೊತ್ತು, ಕಾವಲಿ ಮುಂದೆ ನಿಂತು ಈ ಹೋಟೆಲು ಕಟ್ಟಿದ, ಬಿಳಿ ಹತ್ತಿ ಅಂಗಿಯ ಮುದುಕ ಚೆನ್ನಯನವರು ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಹಿತೇಶ್, ಸದಾನಂದರಿಗೆ ಹಸಿವಂತೆ. ನಾಲ್ಕು ದೋಸೆ ಹೊಯ್ದು ಬಾ ಮಗಾ. ಹಾಗೇ, ಈ ಅಂಗಿಯಲ್ಲೇ," ಎಂದರು ವಾರಿಜಕ್ಕ.

ಹಿತೇಶ್ ನಗುತ್ತಾ ಹೋದ. ಕಾಲು ಗಂಟೆಗೆ ಮರಳಿದಾಗ ಅವನ ನಗು ಕರಗಿ ಹರಿದಿತ್ತು. ಅವನೊಬ್ಬನ ಬೆವರಿನಲ್ಲಿ ಅಂಧೇರಿಗೆ ಎರಡು ದಿನ ನೀರು ಬಿಡಬಹುದಿತ್ತು. ದೋಸೆಗಳ ಮಾತು ಬೇಡ. ಸದಾನಂದ ಮಾತ್ರ ತಿಂದ.

"ಈಗ ಕೇಳು," ಎಂದರು ವಾರಿಜಕ್ಕ. "ಹತ್ತಿ ಬೆವರು ಕುಡಿದು ಗಾಳಿಗೆ ಬಿಡುತ್ತದೆ. ಇಷ್ಟು ಒತ್ತಾಗಿ ನೇಯ್ದ ನೈಲಾನ್ ಕುಡಿಯುವುದೂ ಇಲ್ಲ, ಹಬೆಯನ್ನು ಹೊರಗೆ ಬಿಡುವುದೂ ಇಲ್ಲ. ಬ್ಲೇಡಿನಿಂದ ಕೊಯ್ದಿದ್ದರೆ ದಾರ ಬಿಚ್ಚುತ್ತಿತ್ತು. ಇಲ್ಲಿ ಅಂಚು ಕರಗಿದೆ, ಅಂದರೆ ಬೆಂಕಿ. ಒಲೆಯದ್ದಲ್ಲ, ಗಂಧದ ವಾಸನೆಯಿದೆ, ಊದುಬತ್ತಿಯದ್ದು. ಹೋಟೆಲಿನ ಮಾನ ಕಳೆಯುವವನು ಎದೆಯ ಮೇಲೆ ಸುಡುತ್ತಿದ್ದ. ಇದು ಮೈಗೆ ಗಾಳಿಯಾಡಲೆಂದು, ಗಿರಾಕಿಗಳಿಗೆ ಕಾಣದಂತೆ ಸುಟ್ಟದ್ದು. ಕಾವಲಿಯವನಿಗೆ ಬೆನ್ನು, ಸಪ್ಲೈಯರ್‌ಗೆ ಕಂಕುಳು, ಪಾತ್ರೆಯವಳಿಗೆ ಸೊಂಟ. ಯಾರಿಗೆ ಎಲ್ಲಿ ಬೇಯುತ್ತದೆಂದು ತಿಳಿಯಬೇಕಾದರೆ ಈ ಮೂರೂ ಕೆಲಸ ಮಾಡಿದ ಮೈ ಬೇಕು. ಇಲ್ಲಿ ಅಂಥ ಮೈ ಒಂದೇ. ಊದುಬತ್ತಿ ಮುಟ್ಟುವ ಕೈಯೂ ಒಂದೇ."

ಚೆನ್ನಯನವರು ಎದ್ದರು.

"ಹೋಟೆಲಿಗೆ ಅಂತ ನೀನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಮಗಾ. ಎಲ್ಲರೆದುರು ಬೇಡ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಇವ ಬಿದ್ದದ್ದು ನೋಡಿದ ಮೇಲೆ ನಿದ್ದೆಯೂ ಬರ್ಲಿಲ್ಲ." ಯಲ್ಲಾಲಿಂಗನತ್ತ ತಿರುಗಿ ಕೈ ಮುಗಿದರು. "ನಿನ್ನ ಹೆಸರು ಬಂದಾಗಲೇ ಹೇಳ್ಬೇಕಿತ್ತು. ನಾಲ್ಕರೊಳಗೆ ಹೇಳ್ತೇನೆ ಅಂತ ಕೂತೇ ಇದ್ದೆ ಮಾರಾಯ."

"ಕೈ ಇಳಸ್ರೀ ಧಣ್ಯಾರ," ಎಂದ ಯಲ್ಲಾಲಿಂಗ ಗಾಬರಿಯಾಗಿ. "ಇವತ್ತ ಮುಂಜಾನಿ ಬೆನ್ನಿಗೆ ಗಾಳಿ ಬಂದಾಗ, ಸುಟ್ಟಾಂವ ಯಾರರ ಇರಲಿ, ತಣ್ಣಗಿರಲಿ ಅಂದಿದ್ದೆ."

ಹಿತೇಶ್ ಅಂಗಿ ಕಳಚಲು ನೋಡಿದ. ಅದು ಚರ್ಮಕ್ಕೆ ಅಂಟಿ ಬರಲೊಲ್ಲದು. ದೇವರ ಗೂಡಿಗೆ ಹೋಗಿ, ಒಂದು ಊದುಬತ್ತಿ ತಂದು ಅಪ್ಪನ ಕೈಗಿಟ್ಟ.

"ಹತ್ತಿಯದ್ದು ಹೊಲಿಸಿ ಬರೋವರೆಗೆ ಕಾವಲಿ ಹತ್ರ ನಾನೂ ನಿಲ್ತೇನೆ ಪಪ್ಪಾ. ಇದಕ್ಕೂ ಹಾಕಿ. ಪೀಛೆ, ಬೆನ್ನಿಗೆ. ಮೂವತ್ತೆರಡು."

"ಮೊದಲು ಕಳಚು ಮಾರಾಯ," ಎಂದರು ಚೆನ್ನಯನವರು. ಯಲ್ಲಾಲಿಂಗ ಒಂದು ತೋಳು ಹಿಡಿದ, ಐತ ಇನ್ನೊಂದು. ಇಬ್ಬರೂ ಸೇರಿ ಎಳೆಯತೊಡಗಿದರು.