ಗುರುವಾರ ಡ್ಯೂಟಿ ಇದೆಯಾ?

ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ಉಮ್ಮ್ ಮಿಥ್ಕಾಲ್ ಒಂಬತ್ತು ಲಂಗ ತೊಟ್ಟುಕೊಂಡು ಗಡಿ ದಾಟಲು ಬಂದಳು.

ಹೆಂಗಸರ ತಪಾಸಣೆ ಕೋಣೆಯಲ್ಲಿ ಕಸ್ಟಮ್ಸ್ ಅಧಿಕಾರಿ ವಿಸಾಲ್ ಒಂದೊಂದನ್ನೇ ಬಿಚ್ಚಿಸಿ ಮೇಜಿನ ಮೇಲೆ ಹಾಕುತ್ತಾ ಹೋದಳು. ಎಲ್ಲವೂ ಹೊಸವು, ಸಿರಿಯಾದ ಕಸೂತಿಯವು. ನಾಲ್ಕಕ್ಕೆ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

"ಇದೇನು ಅಜ್ಜಿ, ಇಷ್ಟೊಂದು?"

"ಚಳಿ ಕಣಮ್ಮ. ವಯಸ್ಸಾಯ್ತಲ್ಲ."

ಚಳಿಯೆಂದವಳ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಾಗಿಲಾಚೆಯಿಂದ ಗಂಡಸಿನ ದನಿ ಕೇಳಿತು: "ತಲೆವಸ್ತ್ರದ ಕೆಳಗೂ ನೋಡಿ ಮೇಡಂ. ಲೇಸು ಸುತ್ಕೊಂಡಿದ್ದಾಳೆ."

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಮುದುಕಿ ಕಿರುಚಿದಳು. "ಹೆತ್ತಿದ್ದಕ್ಕೆ ಒಳ್ಳೇ ಮಗ ಹುಟ್ಟಿದ್ದಾನೆ ನನ್ಗೆ!"

ಲೇಸು ಇತ್ತು. ಹನ್ನೆರಡು ಮೀಟರ್.

ವಿಸಾಲ್ ಹೊರಗೆ ಬಂದು ನೋಡಿದಳು. ಮಗ ಮಿಥ್ಕಾಲ್ ಕಟ್ಟೆಯ ಮೇಲೆ ಕೂತು ಕುಂಬಳಬೀಜ ಸಿಪ್ಪೆ ಬಿಡಿಸಿ ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದ. ಎದ್ದವನು ಎಲ್ಲ ಗಂಡಸರ ಹಾಗೆ ಅವಳ ಭುಜದ ಮೇಲಿನ ಪಟ್ಟಿಯನ್ನು ನೋಡಲಿಲ್ಲ, ಮುಖ ನೋಡಿದ. ಅದೂ ಅವಸರವಿಲ್ಲದೆ.

ಒಂಬತ್ತು ವರ್ಷದ ನೌಕರಿಯಲ್ಲಿ ತನ್ನ ಮಾಲನ್ನು ತಾನೇ ಹಿಡಿದುಕೊಟ್ಟ ಒಬ್ಬ ಗಂಡಸನ್ನೂ ಅವಳು ಕಂಡಿರಲಿಲ್ಲ. ಹಾಗಾಗಿ ಅವಳಿಗೆ ತಕ್ಷಣ ಅರ್ಥವಾಯಿತು: ಸಣ್ಣದನ್ನು ಕೊಟ್ಟು ದೊಡ್ಡದನ್ನು ದಾಟಿಸುವ ಹೊಸ ಆಟ ಇದು.

"ಕಾರು ಬಿಚ್ಚಿ," ಎಂದಳು.

ಸೀಟು ಬಿಚ್ಚಿದರು, ಬಾಗಿಲಿನ ಒಳಹಾಳೆ ಕಿತ್ತರು, ಸ್ಟೆಪ್ನಿ ಟೈರಿನ ಗಾಳಿ ಬಿಟ್ಟು ನೋಡಿದರು. ಏನೂ ಸಿಗಲಿಲ್ಲ. ಎರಡು ಗಂಟೆ ಅವನು ಬೀಜ ತಿನ್ನುತ್ತಾ ಕೂತಿದ್ದ.

"ಅಮ್ಮನ್ನ ಯಾಕೆ ಹಿಡಿದುಕೊಟ್ರಿ?" ಕೊನೆಗೆ ಸೋತು ಕೇಳಿದಳು.

"ಬಿ.ಪಿ. ಇದೆ ಮೇಡಂ. ಹೋದ ವಾರ ಹೀಗೇ ಸುತ್ಕೊಂಡು ಬಂದು ಕಾರಲ್ಲೇ ಕಣ್ಣು ಮೇಲೆ ಮಾಡಿದ್ಳು. ನನ್ನ ಮಾತು ಕೇಳಲ್ಲ. ನಿಮಗೆ ಹೆದರ್ತಾಳೆ."

"ಎಲ್ಲರೂ ಹೆದರ್ತಾರೆ."

"ನಾನು ಹೆದರ್ಲಿಲ್ಲ. ಬೇಜಾರಾಯ್ತಾ?"

ವಿಸಾಲ್ ಒಳಗೆ ಹೋದಳು. ಹೋಗಿ, ಕನ್ನಡಿಯಲ್ಲಿ ಟೋಪಿ ಸರಿಮಾಡಿಕೊಂಡಳು. ಟೋಪಿ ಸರಿಯಾಗಿಯೇ ಇತ್ತು.

*

ರುಜ್ಮ್ ಎಂದರೆ ಕಲ್ಲುಗುಪ್ಪೆ. ಹೆಸರಿಟ್ಟವನು ಊರನ್ನು ಒಂದು ಸಲ ಸರಿಯಾಗಿ ನೋಡಿದ್ದ.

ಇತ್ತ ಜೋರ್ಡಾನ್, ಅತ್ತ ಸಿರಿಯಾ, ನಡುವೆ ಒಂದು ಗೇಟು. ಆಗಿನ್ನೂ ಗೇಟು ದಿನವಿಡೀ ತೆರೆದಿರುತ್ತಿದ್ದ ಕಾಲ. ಊರಿನ ಗಂಡಸರೆಲ್ಲ ಕಾರು ಓಡಿಸಿಕೊಂಡು ಅತ್ತ ಹೋಗಿ ಸೋಪು, ಚೀಸು, ಪಿಸ್ತಾ ಮಿಠಾಯಿ, ಒಳಉಡುಪು ತುಂಬಿಕೊಂಡು ಬರುತ್ತಿದ್ದರು. ಅವರಿಗೆ ಅವರೇ ಇಟ್ಟುಕೊಂಡ ಹೆಸರು ನಾವಿಕರು. ಕಡಲು ಕಾಣಬೇಕಾದರೆ ಅರ್ಧ ದಿನ ಪ್ರಯಾಣ ಮಾಡಬೇಕು, ಆದರೂ ನಾವಿಕರು. ಒಂದು ಕೆರೆಯನ್ನೂ ನೋಡದ ಮುಖಗಳು "ಇವತ್ತು ಅಲೆ ಜೋರು" ಎನ್ನುತ್ತಿದ್ದವು. ಅಂದರೆ ಗೇಟಿನಲ್ಲಿ ತಪಾಸಣೆ ಬಿಗಿಯಾಗಿದೆ ಎಂದು.

ಈ ಊರಿನಲ್ಲಿ ವಿಸಾಲ್‌ಗೆ ಗೊತ್ತಿಲ್ಲದ ಗುಟ್ಟಿರಲಿಲ್ಲ. ಶುಕ್ರವಾರ ಕಣ್ಣೀರಿಟ್ಟು ಪ್ರಾರ್ಥನೆ ಮಾಡುವ ಹಾಜಿಯ ಹೆಂಡತಿ ಸೊಂಟಕ್ಕೆ ಸಿಗರೇಟು ಕಟ್ಟಿಕೊಂಡು ಬರುತ್ತಾಳೆ. ಶಾಲೆಯ ಹೆಡ್ಮಿಸ್ಸು ಬಸುರಿಯಂತೆ ಬಂದು ಆರು ಕಿಲೋ ಪಿಸ್ತಾ ಹೆರುತ್ತಾಳೆ. ಮಗುವಿನ ಬಟ್ಟೆ ಬಿಚ್ಚಿದರೆ ಮಗುವಿಗಿಂತ ಚೀಸು ಹೆಚ್ಚು. ಮರುದಿನ ಇವರೇ ಬೀದಿಯಲ್ಲಿ ಎದುರಾಗಿ, "ನಿನಗೊಂದು ಗಂಡು ಸಿಗಲಿ ತಾಯಿ" ಎಂದು ಹರಸುತ್ತಾರೆ.

ಗಂಡುಗಳು ಬಂದಿದ್ದರು, ಆರು. ಆರೂ ನಾವಿಕರೇ. ಮೊದಲನೆಯವನು ಅವಳ ಕಣ್ಣು ಹೊಗಳಿದ, ಎರಡನೆಯ ಮಾತಿಗೇ ಕೇಳಿದ: "ಬರೋ ವಾರ ಯಾವ ಶಿಫ್ಟು?" ಎರಡನೆಯವನಿಗೆ ಕಣ್ಣು ಹೊಗಳುವಷ್ಟೂ ವ್ಯವಧಾನವಿರಲಿಲ್ಲ. ಐದನೆಯವನ ತಾಯಿ, "ಮದುವೆಯಾದ್ಮೇಲೂ ಕೆಲಸ ಬಿಡಬಾರ್ದಮ್ಮ, ಹೆಣ್ಣು ಸ್ವತಂತ್ರವಾಗಿರ್ಬೇಕು" ಎಂದಾಗ ವಿಸಾಲ್ ನಕ್ಕುಬಿಟ್ಟಿದ್ದಳು. ಆರನೆಯವನನ್ನು ಮನೆಯಿಂದ ಅಟ್ಟಿದ್ದಳು.

ವಯಸ್ಸು ಮೂವತ್ತೊಂದು. ಗೇಟನ್ನು ಕಳಚಿಟ್ಟು ತನ್ನನ್ನಷ್ಟೇ ಬೇಕೆನ್ನುವ ಒಬ್ಬನಾದರೂ ಈ ಕಲ್ಲುಗುಪ್ಪೆಯಲ್ಲಿ ಇದ್ದಾನೆಯೇ? ಇಲ್ಲವೆಂದು ಅವಳು ತೀರ್ಮಾನಿಸಿ ಆಗಿತ್ತು. ತೀರ್ಮಾನ ಸುಳ್ಳಾಗಲಿ ಎಂಬ ಆಸೆಯೊಂದು ಒಳಗೆ ಉಳಿದಿತ್ತು, ಅದನ್ನು ಕಂಡರೆ ಅವಳಿಗೆ ಊರಿಗಿಂತ ಹೆಚ್ಚು ತಿರಸ್ಕಾರ.

*

ಮಿಥ್ಕಾಲ್ ದಿನಕ್ಕೆ ಮೂರು ಟ್ರಿಪ್ ಹೊಡೆಯುತ್ತಿದ್ದ. ಮೂರೂ ಸಲ ಅವಳ ಕೋಣೆಯ ಎದುರಿನ ಸಾಲಿನಲ್ಲೇ ನಿಲ್ಲುತ್ತಿದ್ದ, ಅದು ಎಲ್ಲಕ್ಕಿಂತ ಉದ್ದದ ಸಾಲು.

"ಪಕ್ಕದ ಸಾಲು ಖಾಲಿ ಇದೆ," ಎಂದಳು ಒಮ್ಮೆ.

"ಅಲ್ಲಿ ನೆರಳಿಲ್ಲ."

"ಇಲ್ಲೂ ಇಲ್ಲ."

"ಹೌದಾ?" ಎಂದು ಅವನು ಆಕಾಶ ನೋಡಿದ. ಆಮೇಲೆ ಅವಳನ್ನು. "ನನಗೇನೋ ತಂಪಾಗಿದೆ."

ಇಂಥ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಕಾರಿನ ಎಂಜಿನ್ ಇಳಿಸುತ್ತಿದ್ದಳು. ಇವನ ಡಿಕ್ಕಿಯನ್ನಷ್ಟೇ ತೆಗೆಸಿದಳು. ನಿಯಮಕ್ಕಿಂತ ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸೆಪ್ಟೆಂಬರ್ ಕಳೆಯಿತು. ಬಿಳಿ ಕಾರುಗಳ ಸಾಲಿನಲ್ಲಿ ಅವನ ಬಿಳಿ ಕಾರನ್ನು ನಂಬರ್ ಓದದೆ ಗುರುತಿಸುವುದು ಅವಳಿಗೆ ಅಭ್ಯಾಸವಾಯಿತು. ಅವನು ಶಿಫ್ಟು ಕೇಳಲಿಲ್ಲ. ಕೇಳಿಯೇ ಕೇಳುತ್ತಾನೆ ಎಂದು ಅವಳು ದಿನವೂ ಕಾದಳು, ಕೇಳದ ದಿನ ಮನೆಗೆ ಹಗುರಾಗಿ ನಡೆದಳು.

ಅಕ್ಟೋಬರಿನ ಒಂದು ಶುಕ್ರವಾರ ಅವನು ಕಿಟಕಿ ಇಳಿಸಿದ. ಅವತ್ತು ಬೀಜ ಇರಲಿಲ್ಲ, ನಗು ಇರಲಿಲ್ಲ, ಕೆನ್ನೆ ನುಣ್ಣಗೆ ಹೆರೆದಿತ್ತು.

"ಮೇಡಂ, ಬರೋ ಗುರುವಾರ ಮಧ್ಯಾಹ್ನ ಡ್ಯೂಟಿ ಇದೆಯಾ?"

ಕೊನೆಗೂ ಇವನೂ ಕೇಳಿದ. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

"ಇಲ್ಲ. ರಜೆ."

"ಒಳ್ಳೇದಾಯ್ತು," ಎಂದ. ದೊಡ್ಡ ಭಾರ ಇಳಿಸಿದವನ ಹಾಗೆ ಉಸಿರು ಬಿಟ್ಟ.

ಒಳ್ಳೆಯದಾಯಿತಂತೆ! ಎರಡು ತಿಂಗಳು ನಂಬಿಕೆ ಬೆಳೆಸಿದ, ಅವಳಿಲ್ಲದ ದಿನವನ್ನು ಅವಳ ಬಾಯಿಂದಲೇ ಪಡೆದುಕೊಂಡ. ಉಳಿದ ಆರೂ ಪೆದ್ದರು. ಇವನು ಜಾಣ, ಅಷ್ಟೇ ವ್ಯತ್ಯಾಸ.

ಶನಿವಾರ ಅವನ ಕಾರು ಬರಲಿಲ್ಲ. ಭಾನುವಾರ, ಸೋಮವಾರ, ಮಂಗಳವಾರವೂ ಇಲ್ಲ. ದೊಡ್ಡ ಮಾಲು ಕೂಡಿಸುತ್ತಿದ್ದಾನೆ ಎಂದುಕೊಂಡಳು. ಬುಧವಾರ ಜೊತೆಯವಳಾದ ಇಬ್ತಿಹಾಜ್ ಹತ್ತಿರ ಹೋಗಿ, ಗುರುವಾರದ ಡ್ಯೂಟಿ ತನಗೆ ಕೊಟ್ಟು, ಬದಲಿಗೆ ತನ್ನ ಶುಕ್ರವಾರದ್ದನ್ನು ತೆಗೆದುಕೊಳ್ಳುವಂತೆ ಕೇಳಿದಳು.

"ಹುಚ್ಚಾ ನಿನಗೆ? ರಜೆ ಬಿಟ್ಟು ಯಾರಾದ್ರೂ ಇಲ್ಲಿಗೆ ಬರ್ತಾರಾ?"

"ಒಬ್ಬನನ್ನ ಹಿಡೀಬೇಕು."

"ಹಿಡಿ ಹಿಡಿ," ಎಂದು ಇಬ್ತಿಹಾಜ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹಿಡಿಯೋಕೆ ಹೋಗೋಳಿಗೆ ಕಣ್ಣು ಯಾಕಮ್ಮ ಕೆಂಪಾಗಿದೆ?"

*

ಗುರುವಾರ ವಿಸಾಲ್ ಸಮವಸ್ತ್ರವನ್ನು ಚೀಲದಲ್ಲಿಟ್ಟುಕೊಂಡು, ಚಪ್ಪಲಿ ಕೊಳ್ಳಲು ಹೋಗುತ್ತೇನೆಂದು ಹೊರಟಳು. ಸುದ್ದಿ ಗೇಟಿಗಿಂತ ಮುಂಚೆ ಬೀದಿ ದಾಟುವ ಊರು; ಮನೆಯವರಿಗೂ ನಿಜ ಹೇಳುವಂತಿರಲಿಲ್ಲ.

"ಮೂರರೊಳಗೆ ಬಾ. ನೆಂಟರು ಬರ್ತಾರೆ," ಎಂದ ತಂದೆ ಅಬು ಹಾಬಿಸ್.

"ನಿಮ್ಮ ನೆಂಟರಿಗೆ ನಾನ್ಯಾಕೆ?"

ಅಪ್ಪ ಗಡ್ಡ ಕೆರೆದುಕೊಂಡ.

ಗೇಟಿನಲ್ಲಿ ಅವತ್ತು ಅಲೆ ಜೋರಾಗಿತ್ತು. ಪ್ರತಿ ಬಿಳಿ ಕಾರನ್ನೂ ನಿಲ್ಲಿಸಿದಳು. ಹಾಜಿಯ ಹೆಂಡತಿಯಿಂದ ಹನ್ನೊಂದು ಪ್ಯಾಕು ಸಿಗರೇಟು, ಹೆಡ್ಮಿಸ್ಸಿನಿಂದ ಐದು ಕಿಲೋ ಪಿಸ್ತಾ. ಎರಡಾಯಿತು, ಮೂರಾಯಿತು. ಅವನು ಬರಲಿಲ್ಲ. ಮೂರೂಕಾಲಿಗೆ ಮೊಬೈಲು ಬಡಿದುಕೊಂಡಿತು.

"ಎಲ್ಲಿ ಸತ್ತಿದ್ದೀಯೇ?" ಅಪ್ಪನ ಪಿಸುದನಿ. "ಹದಿನಾಲ್ಕು ಜನ ಹಿರಿಯರು ಬಂದು ಕೂತಿದ್ದಾರೆ, ಹೆಣ್ಣು ಕೇಳೋಕೆ. ಎಲ್ಲರ ಮುಂದೆ ಕಾಫಿ ಇಟ್ಟಿದ್ದೀನಿ. ಒಪ್ಪಿಗೆ ಸಿಗೋವರೆಗೂ ಮುಟ್ಟೋ ಹಾಗಿಲ್ಲ. ಒಪ್ಪಿಗೆ ಕೊಡೋಕೆ ನೀನೇ ಇಲ್ಲ. ಕುಡಿಯೋಕೂ ಆಗ್ದೆ ಏಳೋಕೂ ಆಗ್ದೆ ಗೊಂಬೆಗಳ ಹಾಗೆ ಕೂತಿದ್ದಾರೆ!"

"ಯಾರಿಗೆ ಕೇಳ್ತಿದ್ದಾರೆ?"

"ಮಿಥ್ಕಾಲ್‌ಗೆ. ನೀನೇ ಅಂತೆ ರಜೆ ಅಂದೋಳು!"

ವಿಸಾಲ್‌ಗೆ ಈಗ ಅರ್ಥವಾಯಿತು. ಅವಳು ಮನೆಯಲ್ಲಿರುವ ದಿನ ಯಾವುದೆಂದು ಅವನು ಕೇಳಿದ್ದ.

*

ಸಮವಸ್ತ್ರದಲ್ಲೇ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಹೆಂಗಸರು ತುಂಬಿದ್ದರು, ಉಮ್ಮ್ ಮಿಥ್ಕಾಲ್ ಅವರ ನಡುವೆ ಬಿಗುಮಾನದಿಂದ ಕೂತಿದ್ದಳು.

"ಬಂದ್ಳಪ್ಪ ಮದುಮಗಳು, ಟೋಪಿ ಹಾಕ್ಕೊಂಡು," ಎಂದಳು ಮುದುಕಿ.

"ಅವರನ್ನ ಕರೀರಿ. ಮಾತಾಡ್ಬೇಕು."

ಬಾಗಿಲು ತೆರೆದಿಟ್ಟು ಅಪ್ಪ ಅವನನ್ನು ಮೊಗಸಾಲೆಗೆ ಕರೆತಂದು, ಗೋಡೆಯ ಕಡೆ ಮುಖ ಮಾಡಿ ನಿಂತ. ಮಿಥ್ಕಾಲ್ ಹೊಸ ಕೋಟಿನಲ್ಲಿ ಸೆಕೆಯಿಂದ ಕೆಂಪಾಗಿದ್ದ. ಅವಳ ಸಮವಸ್ತ್ರ ನೋಡಿದ. ಎಲ್ಲ ಗೊತ್ತಾಯಿತು.

"ನನ್ನನ್ನ ಹಿಡಿಯೋಕೆ ಹೋಗಿದ್ರಿ."

"ಹೌದು." ಅವಳು ತಲೆ ತಗ್ಗಿಸಲಿಲ್ಲ. "ಶನಿವಾರದಿಂದ ಯಾಕೆ ಗೇಟಿಗೆ ಬರ್ಲಿಲ್ಲ?"

ಅವನು ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಕೊಟ್ಟ. ಅವಳು ಕೆಲಸದ ಅಭ್ಯಾಸದಂತೆ ಬೆಳಕಿಗೆ ಹಿಡಿದು ಹಾಳೆ ತಿರುವಿದಳು. ಶನಿವಾರದಿಂದ ಬುಧವಾರದವರೆಗೆ ದಿನಕ್ಕೊಂದು ಮೊಹರು. ಒಂದೂ ರುಜ್ಮ್‌ನದಲ್ಲ. ಎಲ್ಲವೂ ಮರುಭೂಮಿಯ ಕಡೆಯ ಗೇಟಿನವು, ಐವತ್ತು ಕಿಲೋಮೀಟರ್ ಸುತ್ತು.

"ಮೂರು ಟ್ರಿಪ್ ಇದ್ದದ್ದು ಒಂದಾಗುತ್ತಲ್ಲ," ಎಂದಳು ನಿಧಾನವಾಗಿ.

"ಆಗುತ್ತೆ."

"ಎಷ್ಟು ದಿನ ಹೀಗೆ ಸುತ್ತುತ್ತೀರಾ?"

"ನೀವು ಆ ಕೋಣೇಲಿ ಇರೋವರೆಗೂ. ಹೆಣ್ಣು ಕೇಳ್ಬೇಕು ಅಂದ್ಕೊಂಡ ಮರುದಿನವೇ ನಿಮ್ಮ ಗೇಟು ಬಿಟ್ಟೆ. ಊರವರು ಏನಂತಾರೆ ಗೊತ್ತು. ನೀವೇನಂದ್ಕೋತೀರಾ ಅನ್ನೋದು ಇನ್ನೂ ಚೆನ್ನಾಗಿ ಗೊತ್ತು."

ಅವಳು ಮೊಹರುಗಳನ್ನು ಮತ್ತೊಮ್ಮೆ ನೋಡಿದಳು. ಶಾಯಿ ಅಸಲಿ. ಇಷ್ಟು ವರ್ಷ ಊರನ್ನು ಮೂಗು ಮುರಿದು ನೋಡಿದ್ದಳು. ಊರಿನ ಅತಿ ಕೆಟ್ಟ ಲೆಕ್ಕಾಚಾರ ಮಾಡಿದವಳು ಇಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದಳು.

"ನಾನೂ ಈ ದರಿದ್ರ ಊರಿನವಳೇ," ಎಂದಳು.

"ಬೇರೆ ಊರಿನವಳಾಗಿದ್ರೆ ಸುಮ್ನೆ ನಂಬ್ತಿದ್ಳು. ನೀವು ಪರೀಕ್ಷೆ ಮಾಡಿ ನಂಬ್ತೀರ. ಅದು ಗಟ್ಟಿ." ಅವನ ದನಿ ಸಣ್ಣದಾಯಿತು. "ನಂಬಿದ್ರಾ?"

ವಿಸಾಲ್ ಕಣ್ಣೆತ್ತಿದಳು. ಎರಡು ತಿಂಗಳಲ್ಲಿ ಮೊದಲ ಸಲ, ಕದಿಯದೆ, ತೆರೆದು ನೋಡಿದಳು. ಅವನ ಕೋಟಿನ ಕಾಲರಿನೊಳಗೆ ದರ್ಜಿ ಬಿಟ್ಟ ದಾರವೊಂದು ಇಣುಕುತ್ತಿತ್ತು. ಅದನ್ನು ಎಳೆದು ತೆಗೆದಳು. ಗೋಡೆ ನೋಡುತ್ತಿದ್ದ ಅಪ್ಪ ಕೆಮ್ಮಿದ.

"ಹದಿನಾಲ್ಕು ಜನ ಕಾಯ್ತಿದ್ದಾರೆ. ಏನು ಹೇಳ್ಲಿ?"

"ಕುಡೀಲಿ ಅನ್ನಿ."

"ಆರಿ ತಣ್ಣಗಾಗಿದೆಯಮ್ಮ. ಬೇರೆ ಮಾಡಿಸ್ಲಾ?"

"ಬೇಡ. ಅದನ್ನೇ ಕುಡೀಲಿ. ಈ ಊರಿನ ಗಂಡಸರು ಬದುಕಲ್ಲಿ ಒಂದ್ಸಲ ಹೆಂಗಸಿಗೋಸ್ಕರ ಕಾದಿದ್ದಾರೆ, ನಾಲಿಗೆಗೆ ನೆನಪಿರ್ಲಿ."

ಒಳಗಿನಿಂದ ಹದಿನಾಲ್ಕು ಬಾಯಿಗಳು ಒಟ್ಟಿಗೆ ಸೊರ್ರನೆ ಹೀರಿದ ಸದ್ದು ಬಂತು. ಯಾರೋ ಕಹಿಗೆ ಗೊಣಗಿದರು. ಅಡುಗೆಮನೆಯಲ್ಲಿ ಉಮ್ಮ್ ಮಿಥ್ಕಾಲ್ ನಾಲಿಗೆ ಆಡಿಸಿ ಹರ್ಷದ ಉಲಿ ಎಬ್ಬಿಸಿದಳು.

ಮಿಥ್ಕಾಲ್ ಪಾಸ್‌ಪೋರ್ಟಿಗೆ ಕೈ ಚಾಚಿದ. ವಿಸಾಲ್ ಅದನ್ನು ಮಡಚಿ ತನ್ನ ಎದೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡಳು.

"ನಾಳೆ ಎಲ್ಲಿಗೂ ಹೋಗೋದು ಬೇಡ," ಎಂದಳು. "ನನಗೆ ನಿಜವಾಗ್ಲೂ ರಜೆ."