ಗ್ಯಾಸ್ಕೆಟ್ ಹಾಕಿದವರು ಯಾರು?

ಫೆಲಿಸಾಳ ಅಂಗಳದಲ್ಲಿ ಜೀಪ್ನಿ ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಎದ್ದು ನೋಡುವಷ್ಟರಲ್ಲಿ ಗಾಡಿ ಮಾಯವಾಗಿತ್ತು ಎಂದಳು.

ದೂರು ಕೊಟ್ಟವನು ಅವಳ ಮೈದುನ ಡೊಮಿಂಗ್. ಆ ಪ್ಯಾಸೆಂಜರ್ ಗಾಡಿಯಲ್ಲಿ ಅರ್ಧ ಪಾಲು ಅವನದು. ಇನ್ನರ್ಧ ಅವನ ಅಣ್ಣ, ಫೆಲಿಸಾಳ ಗಂಡ ಎಫ್ರೆನ್‌ನದು. ಮೀನಿನ ದೋಣಿ ಹತ್ತಿ ಹೋದ ಎಫ್ರೆನ್ ಬಿರುಗಾಳಿಯ ನಂತರ ಮರಳಲಿಲ್ಲ. ಹೆಣವೂ ಸಿಗಲಿಲ್ಲ. ನಮ್ಮ ಬಂದರು ಊರಾದ ಇಲೊಯಿಲೊದಲ್ಲಿ ಇಂಥ ಮನೆಗಳು ಬಹಳ. ಪೊಲೀಸನಾದ ನನಗೆ ಆ ಬಾಗಿಲುಗಳನ್ನು ತಟ್ಟುವುದೆಂದರೆ ಇವತ್ತಿಗೂ ಸಂಕಟ.

ಹೆಂಡತಿಯ ಹೆರಿಗೆಯ ಖರ್ಚಿಗೆಂದು ಡೊಮಿಂಗ್ ಗಾಡಿ ಮಾರಲು ಹೊರಟಿದ್ದ. ಹಿಂದಿನ ದಿನ ನೋಡಲು ಬಂದವನು ಎಣ್ಣೆ ತೊಟ್ಟಿಕ್ಕುವುದನ್ನು ಕಂಡು ಮೂಗು ಮುರಿದಿದ್ದನಂತೆ. ಅತ್ತಿಗೆಗೆ ಪಾಲು ಕೊಡದೆ ಗುಟ್ಟಾಗಿ ಮಾರಿರಬಹುದೆಂದು ನನ್ನ ಗುಮಾನಿ ಮೊದಲು ಡೊಮಿಂಗನ ಮೇಲೆಯೇ ಹೋಯಿತು. ಆದರೆ ಆ ರಾತ್ರಿಯೆಲ್ಲ ಅವನು ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದ. ನರ್ಸುಗಳೆಲ್ಲ ಸಾಕ್ಷಿ.

* * *

ಮರುದಿನ ಗಾಡಿ ಬಂದರಿನ ಪಾಳು ಐಸ್ ಕಾರ್ಖಾನೆಯ ಹಿಂದೆ ಸಿಕ್ಕಿತು. ಮೆಕ್ಯಾನಿಕ್ ಆದ ಡೊಮಿಂಗ್, ಕಳ್ಳ ಏನಾದರೂ ಬಿಚ್ಚಿಕೊಂಡಿದ್ದಾನೆಯೇ ಎಂದು ನೋಡಲು ಅಡಿಗೆ ನುಸುಳಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ಕಣ್ಣು ತುಂಬಿತ್ತು.

"ಸಾರ್, ನಮ್ಮಣ್ಣ ಬದುಕಿದಾನೆ."

ಎಂಜಿನ್ನಿನಡಿಯ ಆಯಿಲ್ ಪ್ಯಾನಿನ ಅಂಚಿಗೆ ಎಣ್ಣೆ ತಡೆಯುವ ಹೊಸ ರಬ್ಬರ್ ಗ್ಯಾಸ್ಕೆಟ್ ಕೂತಿತ್ತು. ಸೋರಿಕೆ ನಿಂತಿತ್ತು. ನಮ್ಮೂರ ಮೆಕ್ಯಾನಿಕ್‌ಗಳು ಗ್ಯಾಸ್ಕೆಟ್ ಯಾವುದೇ ಇರಲಿ, ಸುತ್ತಲೂ ಸೀಲೆಂಟ್ ಅಂಟು ಮೆತ್ತುತ್ತಾರೆ. ಡೊಮಿಂಗನೂ ಅಷ್ಟೇ. ಎಫ್ರೆನ್ ಒಬ್ಬನೇ ಅದಕ್ಕೆ ಬೈಯುತ್ತಿದ್ದ. ರಬ್ಬರಿಗೆ ಸೀಲೆಂಟ್ ಬಳಿದರೆ ಬೋಲ್ಟ್ ಬಿಗಿಯುವಾಗ ಅದು ಜಾರಿ ಆಚೆ ಬರುತ್ತದೆ. ಏನೂ ಬಳಿಯದೆ ಕೂರಿಸಿ, ಲೋಹದ ಎರಡು ಭಾಗ ಕೂಡುವ ಮೂಲೆಗಳಿಗೆ ಮಾತ್ರ ಒಂದೊಂದು ಬೊಟ್ಟು ಇಡಬೇಕು ಎನ್ನುತ್ತಿದ್ದ. ಇಲ್ಲಿ ಹಾಗೆಯೇ ಇತ್ತು.

ಡೊಮಿಂಗ್ ಅಣ್ಣನ ಹೆಸರು ಕೂಗುತ್ತ ದೋಣಿಗಳ ಕಡೆ ಓಡಿದ. ತಡೆಯಲು ನನಗೆ ಮನಸ್ಸಾಗಲಿಲ್ಲ. ನಾನು ನೆಲ ನೋಡುತ್ತ ಫೆಲಿಸಾಳ ಮನೆಯವರೆಗೆ ನಡೆದೆ. ದಾರಿಯಲ್ಲಿ ಎಲ್ಲಿಯೂ ಎಣ್ಣೆಯ ಹನಿ ಇರಲಿಲ್ಲ. ಪಕ್ಕದ ಮನೆಯವಳನ್ನು ವಿಚಾರಿಸಿದೆ. ಎಫ್ರೆನ್ ಗಾಡಿಯಡಿ ಮಲಗಿದರೆ ಸ್ಪ್ಯಾನರ್ ಕೊಡುತ್ತ ಕೂರುತ್ತಿದ್ದವಳು ಫೆಲಿಸಾ ಎಂದಳು.

* * *

ಕೂಗಿ ಕೂಗಿ ದನಿ ಬಿದ್ದ ಡೊಮಿಂಗ್ ಫೆಲಿಸಾಳ ಮನೆಗೆ ಬಂದ. ಅವನೆದುರೇ ಅವಳನ್ನು, ನಮ್ಮ ಕಡೆ ಅಕ್ಕನನ್ನು ಕರೆಯುವಂತೆ ಮನಾಂಗ್ ಎಂದು ಕರೆದು, ಕೇಳಿದೆ.

"ಬಂದರಿನವರೆಗೆ ಒಂದು ಹನಿ ಬಿದ್ದಿಲ್ಲ, ಮನಾಂಗ್. ಅಂದ್ರೆ ಗಾಡಿ ಹೊರಡೋ ಮುಂಚೆ ಇದೇ ಅಂಗಳದಲ್ಲಿ ರಿಪೇರಿ ಆಗಿದೆ. ಪ್ಯಾನ್ ಇಳಿಸ್ಬೇಕು, ಒರೆಸ್ಬೇಕು, ಸೀಲೆಂಟ್ ಗಟ್ಟಿಯಾಗೋತನಕ ಕಾಯ್ಬೇಕು. ಅಷ್ಟು ಹೊತ್ತು ಕಳ್ಳ ಇಲ್ಲೇ ಇದ್ರೂ ನಿಮಗೆ ಗೊತ್ತಾಗ್ಲಿಲ್ವಾ?"

ಫೆಲಿಸಾ ಮತ್ತೆ ಸುಳ್ಳು ಹೇಳಲಿಲ್ಲ. ಎಣ್ಣೆಯ ಜಾಡು ಹಿಡಿದು ಯಾರೂ ಬರಬಾರದೆಂದು ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ತಾನೇ ಓಡಿಸಿಕೊಂಡು ಹೋಗಿ ಬಚ್ಚಿಟ್ಟಿದ್ದಳು.

"ಮಾರಿಬಿಟ್ರೆ ಅವನು ಬಂದು ಏನು ಓಡಿಸ್ಬೇಕು?" ಎಂದಳು.

ಡೊಮಿಂಗ್ ಗೋಡೆಗೊರಗಿದ. "ಬಂದರಿನ ತುಂಬ ಅಣ್ಣಾ ಅಣ್ಣಾ ಅಂತ ಕೂಗಿದೆ, ಮನಾಂಗ್. ಜನ ನಿಂತು ನೋಡಿದ್ರು."

"ನಂಗೂ ಹಾಗೇ ಆಯ್ತು ಕಣೋ. ಮುಗಿಸಿ ನೋಡ್ತೀನಿ, ಥೇಟ್ ಅವನ ಕೆಲಸ. ನಾನೇ ಮಾಡಿದ್ದು ಅನ್ನೋದೇ ಮರೆತೋಯ್ತು. ಕೈ ತೊಳ್ಕೊಂಡು ಬಾ, ಅನ್ನ ಬಡಿಸ್ತೀನಿ ಅಂದುಬಿಟ್ಟೆ."

ಡೊಮಿಂಗ್ ಅವಳ ಪಕ್ಕದಲ್ಲೇ ಕೂತು ಅತ್ತ. ದೂರು ವಾಪಸಾಯಿತು. ಗಾಡಿ ಮಾರಾಟಕ್ಕಿಲ್ಲ ಎಂದು ಆಸ್ಪತ್ರೆಗೆ ಹೋಗಿ ಅವನ ಹೆಂಡತಿಗೆ ಹೇಳಿದವನು ನಾನೇ.