ಕೆಂಪು ವಾಯರು, ಕರಿ ವಾಯರು

"ನಿಮ್ಮ ರಿಪೇರಿ ಭಾಳ ಛಲೋ ಆತು ಬಿಡ್ರಿ. ಸ್ಪೀಕರ್ ಬದುಕ್ಯಾವ, ನನ್ನ ದನಿ ಸತ್ತೈತಿ."

ಸ್ಪೀಕರೊಂದರ ಹರಿದ ಕಾಗದದ ಕೋನಿಗೆ ಗೋಂದು ಹಚ್ಚುತ್ತಿದ್ದ ಗೌತಮ ತಲೆ ಎತ್ತಿದ. ವಿದ್ಯಾಗಿರಿಯ ಅವನ ಸಣ್ಣ ಅಂಗಡಿಯ ಬಾಗಿಲಲ್ಲಿ ನಿಂತವಳು ಸಂಗೀತದ ಟೀಚರ್ ಶೀಲಾ. ಅವಳ ಶಾಲೆಯ ಎರಡು ಸ್ಪೀಕರುಗಳನ್ನು ಅವನು ಹಿಂದಿನ ದಿನವಷ್ಟೇ ದುರಸ್ತಿ ಮಾಡಿ ಕಳಿಸಿದ್ದ.

"ಒಂದೊಂದ ಹಚ್ಚಿ ನೋಡಿದ್ರೇನ್ರಿ?"

"ಒಂದೊಂದ ಹಚ್ಚಿದ್ರ ಛಲೋನ ಹಾಡ್ತಾವ. ಎರಡೂ ಕೂಡಿಸಿದ್ರ ದನಿ ತೆಳ್ಳಗ ಆಗತೈತಿ. ನೀರಮಜ್ಜಿಗಿ ಹಂಗ."

ಅವನು ಶಾಲೆಗೆ ಹೋಗಿ ನೋಡಿದ. ಒಂದು ಪೆಟ್ಟಿಗೆಯಲ್ಲಿ ಕೆಂಪು ವಾಯರು ಇರಬೇಕಾದ ಕಡೆ ಯಾರೋ ಕರಿಯದನ್ನು ಸಿಕ್ಕಿಸಿದ್ದರು. ಸಣ್ಣ ಬ್ಯಾಟರಿ ಸೆಲ್ ತೆಗೆದು ವಾಯರಿಗೆ ತಾಗಿಸಿದ. ಒಂದು ಸ್ಪೀಕರಿನ ಕೋನು ಮುಂದೆ ಉಬ್ಬಿತು, ಇನ್ನೊಂದರದು ಒಳಗೆ ಸರಿಯಿತು.

"ಎರಡಕ್ಕೂ ಏನೂ ಆಗಿಲ್ರಿ. ಒಂದು ಮುಂದ ಬಂದಾಗ ಇನ್ನೊಂದು ಹಿಂದ ಸರಿತೈತಿ. ಒಂದರ ದನಿ ಇನ್ನೊಂದು ತಿಂತೈತಿ, ಅಷ್ಟ."

"ಪಾಪ," ಎಂದಳು ಅವಳು. ಅವಳು ನೋಡುತ್ತಿದ್ದುದು ಕೋನನ್ನಲ್ಲ, ಅವನ ಬೆರಳುಗಳನ್ನು.

ಅಲ್ಲಿಂದ ಮುಂದೆ ಆ ಶಾಲೆಯ ಸ್ಪೀಕರುಗಳು ವಿಪರೀತ ಕೆಡತೊಡಗಿದವು. ಪ್ರತಿ ಸಲವೂ ಶೀಲಾಳೇ ಹೊತ್ತು ತರುತ್ತಿದ್ದಳು. ಕೋನನ್ನು ಒತ್ತಿ ನೋಡುವುದನ್ನು ಅವನು ಕಲಿಸಿಕೊಟ್ಟ.

"ಅಂಗೈ ಬ್ಯಾಡ. ನಾಕೂ ಬೆರಳ ಸಮ ಇಡ್ರಿ, ಹಗೂರಕ ಒತ್ರಿ. ಕೆರೆದಂಗ ಕೇಳಿದ್ರ ಒಳಗ ಸುರುಳಿ ಸುಟ್ಟೈತಿ ಅಂತ ತಿಳೀಬೇಕು."

ಅವಳು ನಾಲ್ಕು ಬೆರಳನ್ನು ಅವನ ಅಂಗಿಯ ಜೇಬಿನ ಮೇಲೆ ಇಟ್ಟಳು. ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಏನೂ ಸಪ್ಪಳಿಲ್ಲ ಬಿಡು. ಕನೆಕ್ಷನ್ನ ಕೊಟ್ಟಿಲ್ಲ ಇದಕ್ಕ."

ಅವನ ಕಿವಿ ಕೆಂಪಾಯಿತು. ಅವಳ ನಗು ಸಂಜೆಯವರೆಗೂ ಅಂಗಡಿಯಲ್ಲೇ ಉಳಿಯಿತು. ಹೇಳಬೇಕಾದದ್ದನ್ನು ನಾಳೆ ಹೇಳಿದರಾಯಿತು ಅಂದುಕೊಂಡ. ಅಂಥ ನಾಳೆಗಳು ಒಂದು ವರ್ಷ ತುಂಬಿದವು.

ಯುಗಾದಿ ಮುಗಿದ ವಾರ ಅವಳು ಸ್ಪೀಕರಿಲ್ಲದೆ ಬಂದಳು.

"ಇಳಕಲ್ಲಿನವರು ನನ್ನ ನೋಡಿ ಒಪ್ಪ್ಯಾರ. ಐತವಾರ ಮನಿಗೆ ಬಾ. ಬಾಗಲದ ಹಿಂದ ನಾ ನಿಂತಿರತೇನಿ. ನೀ ಒಂದ ಮಾತ ಆಡು, ಸಾಕು. ಆಮ್ಯಾಲ ಹೊರಗ ಬಂದು ನಿಂದರೋ ಕೆಲಸ ನಂದು."

ಕಲಾದಗಿಯಲ್ಲಿ ಅವಳ ಮನೆ. ಪಡಸಾಲೆಯಲ್ಲಿ, ಬಸವಣ್ಣನವರ ಫೋಟೋದ ಕೆಳಗೆ ಅವಳ ತಂದೆ ಹೊಳಬಸಪ್ಪ ಕೂತಿದ್ದರು.

"ಸೌಂಡಿನಾಂವ ಅಲ್ಲೇನಪಾ ನೀ? ಬಾ, ಕೂಡು." ಅವರ ಕೈ ತೋರಿಸಿದ್ದು ಹೊರಗಿನ ಕಟ್ಟೆಯನ್ನು. "ಛಲೋ ವ್ಯಾಳ್ಯಾಕ್ಕ ಬಂದಿ. ನಾನ ಹೇಳಿ ಕಳಸಾಂವಿದ್ದೆ. ಶೀಲಾನ ನಿಶ್ಚಯಕ್ಕ ಎಷ್ಟ ಬಾಕ್ಸ ಬೇಕಾಗತಾವ?"

ಗೌತಮ ಬಾಯಿ ತೆರೆದ. ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡ ಮಾತು ನಾಲಿಗೆಯ ಮೇಲೇ ಇತ್ತು. ಒಳಬಾಗಿಲ ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು.

"ಎರಡ ಸಾಕ್ರಿ," ಎಂದ.

ಪಾದಗಳು ಇನ್ನೊಂದಿಷ್ಟು ಹೊತ್ತು ಅಲ್ಲೇ ಇದ್ದವು. ಆಮೇಲೆ ಇರಲಿಲ್ಲ.

ನಿಶ್ಚಯದ ದಿನ ವೇದಿಕೆಯ ಎರಡೂ ಬದಿಗೆ ಪೆಟ್ಟಿಗೆ ಇಟ್ಟು, ಒಂದೊಂದು ವಾಯರನ್ನೂ ಎರಡೆರಡು ಸಲ ನೋಡಿ, ಅವನು ಚಹಾಕ್ಕೆ ಹೋಗಿ ಬಂದ. ಹುಡುಗಿ ಒಂದು ವಚನ ಹಾಡಲಿ ಎಂದರು ಇಳಕಲ್ಲಿನವರು. ಶೀಲಾ ಮೈಕ್ ಹಿಡಿದಳು.

ನೀರುಮಜ್ಜಿಗೆಯಂಥ ದನಿ ಹೊರಟಿತು.

ಗೌತಮ ಎಡಗಡೆಯ ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ. ಕೆಂಪಿನ ಜಾಗದಲ್ಲಿ ಕರಿ. ಅವನು ಇಂಥ ತಪ್ಪು ಮಾಡುವವನಲ್ಲ. ಬಿಚ್ಚಿ, ಸರಿಯಾಗಿ ಬಿಗಿದು ತಲೆ ಎತ್ತಿದರೆ ಶೀಲಾ ಎದುರಿಗೇ ನಿಂತಿದ್ದಳು. ಮೈಕಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ್ದಳು.

"ನೀ ಚಹಾಕ್ಕ ಹೋದಾಗ ವಾಯರ ನಾನ ಅದಲಬದಲ ಮಾಡೇನಿ," ಎಂದಳು ಮೆಲ್ಲಗೆ. "ನೀ ಇಲ್ಲಿಗೆ ಬರಲಿ ಅಂತ. ಇವತ್ತು ನಡುವ ಪರದೆ ಇಲ್ಲ. ಎಲ್ಲಾರೂ ಕೇಳಾಕ ಕುಂತಾರ. ತಗೋ."

ಮೈಕ್ ಅವನ ಕೈಗೆ ಬಂತು. ಅವಳ ಅಂಗೈಯ ಬಿಸಿ ಅದರ ಮೇಲಿತ್ತು.

"ಲೇ ಸೌಂಡಿನಾಂವ, ಲಗೂ ಮಾಡೋ! ಊಟ ಆರತೈತಿ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಶೀಲಾ ನಗಲಿಲ್ಲ. ಅವಳ ಕಣ್ಣು ಅವನ ತುಟಿಯ ಮೇಲಿತ್ತು.

"ಹಲೋ," ಎಂದ ಗೌತಮ. "ಹಲೋ... ಮೈಕ್ ಟೆಸ್ಟಿಂಗ್. ಒಂದು, ಎರಡು..."

ಎರಡೂ ಪೆಟ್ಟಿಗೆಗಳಿಂದ ಅವನ ದನಿ ತುಂಬಿ ಬಂತು. ಇಷ್ಟು ಸ್ಪಷ್ಟವಾಗಿ ಅವನು ತನ್ನ ದನಿಯನ್ನು ಎಂದೂ ಕೇಳಿರಲಿಲ್ಲ.

"ಈಗ ಬಂತ ನೋಡು!" ಎಂದರು ಹೊಳಬಸಪ್ಪ.

ಶೀಲಾ ಮೈಕ್ ತೆಗೆದುಕೊಂಡಳು, ಅವನ ಬೆರಳಿಗೆ ತಾಗದಂತೆ. ವೇದಿಕೆಯ ನಡುವೆ ಹೋಗಿ ನಿಂತು ವಚನವನ್ನು ಮೊದಲಿನಿಂದ ಎತ್ತಿಕೊಂಡಳು. ಗೌತಮ ಕತ್ತಲ ಮೂಲೆಯಲ್ಲಿ ಕೂತು, ಪೆಟ್ಟಿಗೆಯ ಮೇಲೆ ನಾಲ್ಕೂ ಬೆರಳನ್ನು ಸಮನಾಗಿ ಇಟ್ಟ. ಅವಳ ದನಿ ಬೆರಳ ತುದಿಗೆ ಬಡಿಯುತ್ತಿತ್ತು. ಹಾಡು ಮುಗಿಯುವವರೆಗೂ ಕಿವಿಗೊಟ್ಟು ಕೇಳಿದ.

ಎಲ್ಲಿಯೂ ಕೆರೆಯಲಿಲ್ಲ.